ಸೋತವರ ಹಿಂದೆ ಬಂದವರು

ಮಕ್ತಲ್, 10 ಸೆಪ್ಟೆಂಬರ್ 2024

ಹದಿನೇಳಕ್ಕೆ, ಹೈದರಾಬಾದ್ ವಿಮೋಚನೆಯ ದಿನ, ಕನ್ನಡ ಶಾಲೆಯ ಮಕ್ಕಳ ಮುಂದೆ ಮಾತಾಡಬೇಕು. ಸುರಪುರದ ರಾಜಾ ವೆಂಕಟಪ್ಪ ನಾಯಕನಿಂದ ಶುರು ಮಾಡುತ್ತೇನೆ ಅಂದೆ. "ಸೋತವರ ಕತಿ ಯಾಕ್ರೀ ಸರ, ಹುಡುಗ್ರಿಗೆ ಹುರುಪು ಬರಬೇಕಲ್ಲ" ಅಂದರು ಜತೆಯ ಮೇಷ್ಟ್ರು. ಉತ್ತರ ಹೊಳೆಯಲಿಲ್ಲ. ಆದರೆ ಒಪ್ಪಲೂ ಮನಸ್ಸಿಲ್ಲ.

ನಾರಾಯಣಪೇಟೆ, 14 ಸೆಪ್ಟೆಂಬರ್

ಮಾವನವರ ಮನೆ. ಪಕ್ಕದಲ್ಲಿ ಮಗ್ಗದ ಸದ್ದು. ಮಧ್ಯಾಹ್ನವೆಲ್ಲ ತಾರೀಖುಗಳನ್ನು ಒಂದರ ಕೆಳಗೊಂದು ಬರೆಯುತ್ತ ಕೂತಿದ್ದೆ.

1857ರ ನವೆಂಬರ್ ಕೊನೆ, ಹಲಗಲಿ. ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಾಯಿದೆಗೆ ಬೇಡರು ಬಗ್ಗಲಿಲ್ಲ. ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ನೋಡಿದವರು ಹೆದರಲಿ ಎಂದೇ ಮಾಡಿದ ಕೆಲಸ ಅದು. ಯಾರೂ ಹೆದರಿದಂತೆ ಕಾಣುವುದಿಲ್ಲ. 1858ರ ಫೆಬ್ರವರಿಯಲ್ಲಿ ಬೇಡ ನಾಯಕರದೇ ಸುರಪುರದಲ್ಲಿ ಕಾಳಗ ನಡೆಯಿತು, ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಸತ್ತ. ಊರು ಮಾತ್ರ ಉಳಿಯಲಿಲ್ಲ. ರಾಜ ರಾತ್ರೋರಾತ್ರಿ ಹೈದರಾಬಾದಿಗೆ, ಅಂದರೆ ನಮ್ಮ ದಿಕ್ಕಿಗೆ, ಕುದುರೆ ತಿರುಗಿಸಿದ. ಅಲ್ಲಿ ಸಿಕ್ಕಿಬಿದ್ದ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷರ ಕೈಗೆ ಕೊಟ್ಟ.

ಸೆರೆಯಲ್ಲಿದ್ದವನನ್ನು ನೋಡಲು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಹೋದ. ರಾಜನನ್ನು ಎಳೆಯ ವಯಸ್ಸಿನಿಂದ ಬಲ್ಲವನು. ಹಿಂದೆ ನಿಂತು ಎತ್ತಿಕಟ್ಟಿದವರು ಯಾರೆಂದು ಹೇಳಲು ರಾಜ ಒಪ್ಪಲಿಲ್ಲ. ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿ ಎಂದು ಮಾತ್ರ ಕೇಳಿಕೊಂಡ. ಇದನ್ನು ಬರೆದಿಟ್ಟವನು ಟೇಲರನೇ. ಎದುರು ಪಕ್ಷದವನ ಸಾಕ್ಷಿ, ಅದಕ್ಕೇ ನನಗೆ ನಂಬಿಕೆ. ರಾಜನಿಗೆ ಆಗ ಇನ್ನೂ ಇಪ್ಪತ್ತೈದೂ ತುಂಬಿರಲಿಲ್ಲ. ಈ ಸಾಲು ಬರೆಯುವಾಗ ಗಂಟಲು ಕಟ್ಟಿತು.

ಮೇ ತಿಂಗಳಲ್ಲಿ, ಸೆರೆಯಾಳಾಗಿ ದಕ್ಷಿಣಕ್ಕೆ ಒಯ್ಯುವ ದಾರಿಯಲ್ಲಿ, ಗುಂಡು ತಗುಲಿ ಸತ್ತ. ಅದೇ ಮೇ ಕೊನೆಗೆ ನರಗುಂದ ಎದ್ದಿತು. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದ. ಹಲಗಲಿಯ ಗಲ್ಲು, ಸುರಪುರದ ಪತನ ನಾಡಿಗೆಲ್ಲ ಗೊತ್ತಿದ್ದ ಸುದ್ದಿ. ಗೆದ್ದೇವೆಂಬ ಲೆಕ್ಕಾಚಾರದಿಂದ ಯಾರೂ ಆ ಕೋಟೆಯೊಳಗೆ ಕಾಲಿಟ್ಟಿರಲಾರರು. ಮುಂದೆ ಹೋದವನು ಯಾರ ಹೆಸರನ್ನೂ ಬಿಟ್ಟುಕೊಡದೆ ಸತ್ತರೆ, ಹಿಂದೆ ಉಳಿದವನಿಗೆ ಮನೆಯಲ್ಲಿ ಕೂಡುವುದು ಆಗದ ಮಾತು. ಜೂನ್ 1ರಂದು ಭೀಮರಾಯನೂ ಮಡಿದ.

ಹಲಗಲಿಯ ಸೋಲನ್ನು ಲಾವಣಿಕಾರರು ಹಾಡಿದರು. ಗೆದ್ದ ದಂಡಿನವರ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ.

ಗದ್ವಾಲ, 15 ಸೆಪ್ಟೆಂಬರ್

ಕೋಟೆ ನೋಡಿದೆ. ಇಲ್ಲಿಯ ಅರಸ ಸೋಮನಾದ್ರಿಯ ಕಾಲದ ಗೋಡೆಗಳು. ಮನಸ್ಸು ಮಾತ್ರ ತುಂಗಭದ್ರೆಯ ಆಚೆಗಿತ್ತು. ಆಚೆಯ ಕರ್ನೂಲು ಮದರಾಸು ಪ್ರಾಂತ್ಯ, 1947ರ ಆಗಸ್ಟ್ 15ಕ್ಕೆ ಬಾವುಟ ಏರಿತು. ಈಚೆ ನಿಜಾಮನ ಸೀಮೆಯಲ್ಲಿ ಇನ್ನೂ 13 ತಿಂಗಳು ಕಾಯಬೇಕಾಯಿತು.

ಆ ತಿಂಗಳುಗಳಲ್ಲಿ ನಿಜಾಮನ ವಿರುದ್ಧ ಹೋರಾಡಲು ಗಡಿಯ ಶಿಬಿರಗಳಿಗೆ ಹೋದ ಹುಡುಗರು ಕೆಟ್ಟ ಸುದ್ದಿಯನ್ನೇ ಕೇಳುತ್ತಿದ್ದರು. 1948ರ ಮೇನಲ್ಲಿ ಬೀದರ ಕಡೆಯ ಗೋರಟಾದಲ್ಲಿ ನಿಜಾಮನ ಪರದ ರಜಾಕಾರರು ಊರನ್ನೇ ಕಡಿದು ಹಾಕಿದರು. ಶಿಬಿರಗಳು ಖಾಲಿಯಾಗಲಿಲ್ಲ. ಅಂಥ ಶಿಬಿರಗಳಲ್ಲಿ ಒಂದನ್ನು ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ್ದು ಮುಂಡರಗಿಯಲ್ಲಿ, ಭೀಮರಾಯನ ಊರಲ್ಲಿ. ಅವನು ಸತ್ತು 90 ವರ್ಷವಾಗುವ ಹೊತ್ತಿಗೆ ಅದೇ ಊರಿನಿಂದ ಹುಡುಗರು ಮತ್ತೆ ಕೊಪ್ಪಳದ ಕಡೆಗೇ ನುಗ್ಗುತ್ತಿದ್ದರು. ಮೇಷ್ಟ್ರಿಗೆ ಇದನ್ನೇ ಹೇಳುತ್ತೇನೆ. ಮಕ್ಕಳಿಗೂ ಇದನ್ನೇ, ಕಪ್ಪುಹಲಗೆಯ ಮೇಲೆ ತಾರೀಖು ಬರೆದು.