ನಕ್ಷೆಯೂ ನೆಲವೂ

ಕಣ್ಣಿಗೆ ದಾರಿ ಕಾಣದೆಡೆಯಲ್ಲಿ ಕಾಲಿಗೆ ದಾರಿ ತೋರುವ ವಿದ್ಯೆಯೊಂದುಂಟು. ನಕ್ಷೆ ಮತ್ತು ದಿಕ್ಸೂಚಿಗಳ ನೆರವಿನಿಂದ ಅಪರಿಚಿತ ಅರಣ್ಯವನ್ನು ದಾಟಿ, ಗೊತ್ತುಪಡಿಸಿದ ನೆಲೆಗಳನ್ನು ಅನುಕ್ರಮವಾಗಿ ಮುಟ್ಟಿ ಬರುವ ಈ ವಿದ್ಯೆಗೆ ಓರಿಯೆಂಟಿಯರಿಂಗ್ ಎಂದು ಹೆಸರು. ಮೊದಲು ಇದು ಸ್ವೀಡನ್, ನಾರ್ವೆ ದೇಶಗಳ ಸೈನಿಕರ ಅಭ್ಯಾಸವಾಗಿದ್ದಿತು. 1897ರಲ್ಲಿ ಇಂದಿನ ಓಸ್ಲೋ ನಗರದ ಬಳಿ ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆಯಿತು. 1919ರಲ್ಲಿ ಸ್ಟಾಕ್‌ಹೋಮ್ ಬಳಿ ಎರ್ನ್‌ಸ್ಟ್ ಕಿಲಾಂಡರ್ ಎಂಬ ಸೇನಾಧಿಕಾರಿಗಳು, ಓಟದ ಪಂದ್ಯಗಳಲ್ಲಿ ಆಸಕ್ತಿ ಕುಂದಿದ್ದ ತರುಣರನ್ನು ಕಾಡಿಗೆ ಕರೆತಂದು ದೊಡ್ಡ ಸ್ಪರ್ಧೆಯನ್ನೇ ಏರ್ಪಡಿಸಿದರು. 1961ರಲ್ಲಿ ಈ ಕ್ರೀಡೆಗೆ ಅಂತರರಾಷ್ಟ್ರೀಯ ಸಂಘಟನೆಯೂ ಸ್ಥಾಪಿತವಾಯಿತು.

ಆ ನಾಡುಗಳ ಕಾಡು ಸುಲಭದ್ದಲ್ಲ. ಹಿಮಯುಗದ ಹಿಮನದಿಗಳು ಸರಿದು ಹೋಗುವಾಗ ಬಿಟ್ಟ ಹೆಬ್ಬಂಡೆಗಳು, ಪಾಚಿ ಮುಚ್ಚಿದ ಜೌಗು, ಒಂದರಂತೆಯೇ ಇನ್ನೊಂದು ತೋರುವ ದಿಬ್ಬಗಳು, ಕೊಂಬೆಗೆ ಕೊಂಬೆ ಹೆಣೆದ ಸ್ಪ್ರೂಸ್ ಮರಗಳ ಮೆಳೆ. ನಕ್ಷೆಯಲ್ಲಿ ಸರಾಗವಾಗಿ ಓಡಬಹುದಾದ ಕಾಡಿಗೆ ಬಿಳಿಯ ಬಣ್ಣ. ಪೊದೆ ದಟ್ಟವಾದಷ್ಟೂ ಹಸಿರು ಗಾಢ. ನೀರು ನೀಲಿ, ಬಂಡೆ ಕಪ್ಪು, ನೆಲದ ಏರಿಳಿತವನ್ನು ತೋರುವ ಸಮೋನ್ನತಿ ರೇಖೆಗಳು ಕಂದು. 1:10,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರಿಗೆ ನೆಲದ 100 ಮೀಟರು. ಮುಟ್ಟಬೇಕಾದ ನೆಲೆಯಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಪುಟ್ಟ ಗುರುತೊಂದು ತೂಗುತ್ತಿರುತ್ತದೆ.

ಹೊಸಬನಿಗೆ ಹೆಜ್ಜೆಯೆಣಿಕೆಯ ಪಾಠ ಮುಖ್ಯವಾದುದು. ಬಯಲಿನಲ್ಲಿ 100 ಮೀಟರಿಗೆ ತನ್ನ ಹೆಜ್ಜೆಗಳೆಷ್ಟು, ಮೆಳೆಯಲ್ಲಿ ಅವು ಎಷ್ಟು ಹೆಚ್ಚುತ್ತವೆ ಎಂಬುದನ್ನು ಅವನೇ ಅಳೆದು ತಿಳಿಯಬೇಕು. ಮತ್ತೊಬ್ಬನ ಲೆಕ್ಕ ಅವನಿಗೆ ಒದಗದು. ದಿಕ್ಸೂಚಿಯ ಪಾಠವೂ ಹಾಗೆಯೇ. ದಿಕ್ಕು 5 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಸುಮಾರು 87 ಮೀಟರು ಪಕ್ಕಕ್ಕೆ ಸರಿದಿರುತ್ತಾನೆ. ದಟ್ಟ ಕಾಡಿನಲ್ಲಿ ಗುರುತು ಕಾಣದೆ ಹೋಗಲು ಇಷ್ಟು ಸಾಕು. ಆದುದರಿಂದ ನುರಿತವನು ತೊರೆಯ ಮೇಲಿನ ಸೇತುವೆಗೆ ನೇರವಾಗಿ ಗುರಿಯಿಡದೆ, ಬೇಕೆಂದೇ ಅದರ ಎಡಭಾಗಕ್ಕೆ ಸಾಗುತ್ತಾನೆ. ತೊರೆ ಸಿಕ್ಕೊಡನೆ ಬಲಕ್ಕೆ ತಿರುಗಬೇಕೆಂಬುದು ಆಗ ಖಚಿತ. ತನ್ನಿಂದ ತಪ್ಪಾಗುವುದು ಸಹಜವೆಂದು ಮೊದಲೇ ಒಪ್ಪಿಕೊಂಡವನ ಜಾಣ್ಮೆಯಿದು.

ಇಷ್ಟನ್ನು ಕಲಿತ ಮೇಲೂ ತರುಣನು ಒಂದೆಡೆ ಎಡವುತ್ತಾನೆ. ಎಣಿಕೆ ಮುಗಿದರೂ ಗುರುತು ಕಾಣದು. ಎದುರಿಗೆ ಬಂಡೆಯೊಂದಿದೆ, ನಕ್ಷೆಯಲ್ಲಿಯೂ ಬಂಡೆಯೊಂದಿದೆ. ‘ಇದೇ ಅದು’ ಎನ್ನುತ್ತದೆ ಮನಸ್ಸು. ಪಕ್ಕದಲ್ಲಿರಬೇಕಾದ ಜೌಗು ಇಲ್ಲ. ಬೇಸಗೆಯಲ್ಲಿ ಒಣಗಿರಬೇಕೆಂದು ಸಮಾಧಾನ. ಇಳಿಜಾರು ಇರಬೇಕಾದಲ್ಲಿ ಏರಿದೆ. ನಕ್ಷೆ ಬರೆದವನೇ ತಪ್ಪಿರಬೇಕೆಂದು ತೀರ್ಮಾನ. ಹೀಗೆ ನಕ್ಷೆಯನ್ನು ನೆಲದೊಡನೆ ಹೋಲಿಸುವುದನ್ನು ಬಿಟ್ಟು, ತನ್ನ ಬಯಕೆಗೆ ತಕ್ಕಂತೆ ಬಾಗಿಸಿಕೊಳ್ಳುವುದನ್ನು ತರಬೇತಿ ನೀಡುವವರು ಬಲು ದೊಡ್ಡ ದೋಷವೆಂದು ಎಣಿಸುತ್ತಾರೆ. ಅವಸರದಿಂದ ಓಡಿದಷ್ಟೂ ಆ ದೋಷ ಬೆಳೆಯುತ್ತದೆ.

ಪರಿಹಾರ ಸರಳ, ಮನಸ್ಸಿಗೆ ಮಾತ್ರ ಕಠಿಣ. ನಿಲ್ಲಬೇಕು. ನಕ್ಷೆಯನ್ನು ಉತ್ತರಕ್ಕೆ ಹೊಂದಿಸಬೇಕು. ತಾನು ನಿಸ್ಸಂದೇಹವಾಗಿ ಅರಿತಿದ್ದ ಕಡೆಯ ಸ್ಥಳ ಯಾವುದೆಂದು ನೆನೆದು, ಅಗತ್ಯವಾದರೆ ಅಲ್ಲಿಗೇ ಮರಳಬೇಕು. ಜೊತೆಯವರು ಮುಂದೆ ಓಡುತ್ತಿರುವಾಗ ಹಿಂದಕ್ಕೆ ಹೆಜ್ಜೆಯಿಡಲು ಬೇಕಾದ ಧೈರ್ಯ ಸಾಮಾನ್ಯವಾದುದಲ್ಲ. ಎನ್.ಸಿ.ಸಿ. ತರಬೇತಿಯಲ್ಲಿ ನಕ್ಷೆಯನ್ನು ಓದಲು ಕಲಿಯುವ ವಿದ್ಯಾರ್ಥಿಗಳೂ ಈ ಪಾಠವನ್ನು ಮನನ ಮಾಡಿಕೊಳ್ಳಬಹುದು.

ಈ ಕ್ರೀಡೆಗೆ ಮತ್ತೊಂದು ನಿಯಮವುಂಟು. ಅರ್ಧದಲ್ಲಿ ಕೈಬಿಟ್ಟವನೂ ಮುಕ್ತಾಯದ ಸ್ಥಳಕ್ಕೆ ಬಂದು, ತಾನು ಮರಳಿದೆನೆಂದು ತಿಳಿಸಲೇಬೇಕು. ನಾಚಿಕೆಯಿಂದ ಸದ್ದಿಲ್ಲದೆ ಮನೆಗೆ ಹೋದರೆ, ಅವನಿಗಾಗಿ ಇತರರು ಕತ್ತಲಲ್ಲಿ ಕಾಡನ್ನು ಜಾಲಾಡಬೇಕಾಗುತ್ತದೆ. ಸಂಜೆಯ ಮಬ್ಬಿನಲ್ಲಿ ಎಲ್ಲರಿಗಿಂತ ಕೊನೆಗೆ ಬಂದ ತರುಣನು ‘ಎರಡು ನೆಲೆಗಳು ಸಿಗಲಿಲ್ಲ’ ಎಂದು ತಲೆಯೆತ್ತಿ ಹೇಳುತ್ತಾನೆ. ಪಟ್ಟಿಯಲ್ಲಿ ಅವನ ಹೆಸರಿಗೆ ಗುರುತು ಬೀಳುತ್ತದೆ. ಮರುದಿನ ಅವನು ನಕ್ಷೆಯನ್ನು ಕೈಯಲ್ಲಿ ಹಿಡಿದು ಅದೇ ಬಂಡೆಯ ಬಳಿಗೆ, ಈ ಸಲ ಓಡದೆ, ನಡೆದೇ ಹೋಗುತ್ತಾನೆ.