ಶನಿವಾರದ ಗಾಣಿಗರು

ಪುಣೆಯಲ್ಲಿ ಸಸೂನ್ ಎಂದರೆ ಆಸ್ಪತ್ರೆ. ರೇಲ್ವೆ ಸ್ಟೇಷನ್ನಿನ ಹತ್ತಿರದ ದೊಡ್ಡ ಸರಕಾರಿ ದವಾಖಾನೆ. ಈ ಊರಲ್ಲಿ ಬಾಳುವೆ ಮಾಡಲು ಇಷ್ಟು ಗೊತ್ತಿದ್ದರೆ ಸಾಕು. ಅದು ಡೇವಿಡ್ ಸಸೂನ್ ಎಂಬ ಮನುಷ್ಯನ ಹೆಸರು, ಆತ 1792ರಲ್ಲಿ ಬಗ್ದಾದಿನಲ್ಲಿ ಹುಟ್ಟಿದ ಯಹೂದಿ ವ್ಯಾಪಾರಿ, ಮುಂಬಯಿಗೆ ಬಂದು ನೆಲೆಸಿ 1864ರಲ್ಲಿ ಪುಣೆಯಲ್ಲೇ ತೀರಿಕೊಂಡ ಎಂಬುದೆಲ್ಲ ಯಾರಿಗೆ ಬೇಕು? ಆತ ಕಟ್ಟಿಸಲು ತೊಡಗಿದ ಪ್ರಾರ್ಥನಾ ಮಂದಿರ ಕ್ಯಾಂಪಿನಲ್ಲಿ ಮೋಲೆದಿನಾ ರಸ್ತೆಯ ಬಳಿ ಇದೆ. ಅದರ ಅಂಗಳದಲ್ಲೇ ಆತನ ಗೋರಿ. 1867ರಲ್ಲಿ ಮುಗಿದ ಕೆಂಪು ಇಟ್ಟಿಗೆಯ ಕಟ್ಟಡ, ಚರ್ಚಿಗಿದ್ದಂಥ ಎತ್ತರದ ಗೋಪುರ. ಹೆಸರು ಓಹೆಲ್ ಡೇವಿಡ್. ರಿಕ್ಷಾದವರಿಗೆ ಹಾಗೆ ಹೇಳಿದರೆ ತಿಳಿಯುವುದಿಲ್ಲ, ‘ಲಾಲ್ ದೇವೂಳ’ ಎಂದರೆ ತಟ್ಟನೆ ಗಾಡಿ ತಿರುಗಿಸುತ್ತಾರೆ.

ಈ ಲಾಲ್ ದೇವೂಳ ನಮ್ಮ ಮನೆತನದಲ್ಲಿ ಒಂದು ಜಗಳ ಹುಟ್ಟಿಸೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾವು ಗದಗಿನ ಕಡೆಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಪುಣೆಗೆ ಬಂದೆ, ನನ್ನ ಬೆನ್ನಿಗೆ ತಮ್ಮನೂ ಬಂದು ಇಲ್ಲಿನ ಕಾರ್ಖಾನೆಯೊಂದರಲ್ಲಿ ಸೇರಿಕೊಂಡ. ಅವನ ಮಗಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲಿಯೇ. ಇತಿಹಾಸದಲ್ಲಿ ಬಿ.ಎ. ಮಾಡುವಾಗ ಕಾಲೇಜಿನವರು ಪುಣೆಯ ಹಳೆಯ ಕಟ್ಟಡಗಳ ಬಗ್ಗೆ ಪ್ರಬಂಧ ಬರೆಯಲು ಹಚ್ಚಿದರು. ಆಕೆಗೆ ಬಂದದ್ದು ಲಾಲ್ ದೇವೂಳ. ಪ್ರಬಂಧ ಮುಗಿಯಿತು, ಹುಚ್ಚು ಮುಗಿಯಲಿಲ್ಲ. ಯಹೂದಿಗಳ ಇತಿಹಾಸ, ಧರ್ಮ, ಸಾಹಿತ್ಯ, ಸಂಸ್ಕೃತಿ — ಇದನ್ನೇ ಎಂ.ಎ.ಗೆ ಓದುತ್ತೇನೆ, ಅದಕ್ಕಾಗಿ ಇಂಗ್ಲೆಂಡಿಗೆ ಹೋಗುತ್ತೇನೆ ಎಂದು ಕುಳಿತಳು.

ತಮ್ಮ ನನ್ನ ಬಳಿ ಓಡಿ ಬಂದ. “ಅಣ್ಣಾ, ನೀನರ ಹೇಳು ಆಕೀಗೆ. ನಾವ್ ಯಹೂದಿಗೋಳೂ ಅಲ್ಲ, ಕ್ರಿಶ್ಚನ್ನರೂ ಅಲ್ಲ. ಇದನ್ನ ಓದಿ ಏನ್ ಮಾಡಾಕಿ? ಅದೂ ಈಗ, ಅಲ್ಲಿ ಯುದ್ಧ ನಡದಾಗ!” 2023ರ ಅಕ್ಟೋಬರದ ನಂತರ ಇಸ್ರೇಲ್, ಗಾಜಾ ಎಂಬ ಹೆಸರು ಬಂದಲ್ಲೆಲ್ಲ ಜಗಳ. ವಿದೇಶದ ವಿಶ್ವವಿದ್ಯಾಲಯಗಳ ಅಂಗಳದಲ್ಲೂ ಅದೇ ಜಗಳ ನಡೆದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೆವು. ಹಡೆದವರ ಹೆದರಿಕೆ ಸುಳ್ಳಲ್ಲ. ಹುಡುಗಿಯ ಉತ್ತರವೂ ಸುಳ್ಳಾಗಿರಲಿಲ್ಲ: “ದೊಡ್ಡಪ್ಪ, ನಾ ಓದಾಕ ಹೊಂಟಿದ್ದು ಒಂದು ಸರಕಾರದ ಬಗ್ಗೆ ಅಲ್ಲ. ಮೂರು ಸಾವಿರ ವರ್ಷದ ಜನರ ಬಗ್ಗೆ.”

ನಾನು ಎಂ.ಕಾಂ. ಓದಿದವನು. ಶಾಖೆಯಲ್ಲಿದ್ದಾಗ ಎಷ್ಟೋ ಶೈಕ್ಷಣಿಕ ಸಾಲದ ಅರ್ಜಿಗಳನ್ನು ನೋಡಿದ್ದೇನೆ. ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಅಡಮಾನ ಕೇಳುತ್ತಿದ್ದೆವು. ಯಾವ ಕೋರ್ಸು, ಮುಂದೆ ಪಗಾರ ಎಷ್ಟು, ಕಂತು ಹೇಗೆ ತೀರೀತು ಎಂದು ಲೆಕ್ಕ ಹಾಕುತ್ತಿದ್ದೆವು. ಇಲ್ಲಿ ಅಡಮಾನಕ್ಕೆ ಇರುವುದು ತಮ್ಮನ ಫ್ಲಾಟು ಒಂದೇ. ಹಾಗಾಗಿ ಆಕೆಗೆ, “ಬುದ್ಧಿ ಹೇಳೂದು ಆಮೇಲೆ. ಮೊದಲು ನೀ ಏನ್ ಓದಾಕಿ ಅನ್ನೂದನ್ನ ನನಗ ತಿಳಿಸಿ ಹೇಳು,” ಎಂದೆ. ನಿವೃತ್ತನಿಗೆ ಸಮಯಕ್ಕೇನು ಬರ? ಹೀಗೆ ನಾನೂ ಆ ಪಾಠದಲ್ಲಿ ವಿದ್ಯಾರ್ಥಿಯಾದೆ.

ಮೊದಲು ತಿಳಿದದ್ದು, ಇದು ಪುರೋಹಿತರ ಓದಲ್ಲ ಎಂಬುದು. ಪುಣೆಯ ನಗರ ರಸ್ತೆಯ ಜ್ಞಾನದೀಪ ವಿದ್ಯಾಪೀಠದಂಥ ಕಡೆ ಪಾದ್ರಿಗಳಾಗುವವರು ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದಲೆಂದು ಹೀಬ್ರೂ ಕಲಿಯುತ್ತಾರೆ. ಅದು ಬೇರೆ. 1819ರಲ್ಲಿ ಬರ್ಲಿನ್ನಿನಲ್ಲಿ ಲಿಯೋಪೋಲ್ಡ್ ತ್ಸುಂಟ್ಸ್ ಮೊದಲಾದ ಕೆಲವು ತರುಣರು ಸಂಘ ಕಟ್ಟಿಕೊಂಡು, ನಮ್ಮ ಜನರ ಬರಹಗಳನ್ನೂ ಗ್ರೀಕ್, ಲ್ಯಾಟಿನ್ ಬರಹಗಳಂತೆ ಶಾಸ್ತ್ರೀಯವಾಗಿ ಓದಬೇಕು ಎಂದು ಹೊರಟರು. ಜರ್ಮನಿಯ ವಿಶ್ವವಿದ್ಯಾಲಯಗಳು ಆ ಓದಿಗೆ ಒಳಗೆ ಜಾಗ ಕೊಡಲಿಲ್ಲ. ಜೆರುಸಲೇಮಿನಲ್ಲಿ ಹೀಬ್ರೂ ವಿಶ್ವವಿದ್ಯಾಲಯ ತೆರೆದದ್ದು 1925ರಲ್ಲಿ. ಅಮೆರಿಕದ ಕೊಲಂಬಿಯಾದಲ್ಲಿ ಸಾಲೋ ಬ್ಯಾರನ್ ಯಹೂದಿ ಇತಿಹಾಸದ ಪ್ರಾಧ್ಯಾಪಕರಾದದ್ದು 1930ರಲ್ಲಿ. ಹೊರಗೆ ನಿಂತ ವಿಷಯ ಒಳಗೆ ಕಾಲಿಡಲು ನೂರು ವರ್ಷ ಹಿಡಿಯಿತು. ಇಂದು ಅದರೊಳಗೆ ತೋರಾ, ತಾಲ್ಮುಡ್ ಇವೆ, ಯಿಡ್ಡಿಶ್ ಭಾಷೆಯಲ್ಲಿ ಬರೆದು 1978ರಲ್ಲಿ ನೊಬೆಲ್ ಪಡೆದ ಐಸಾಕ್ ಬಾಶೆವಿಸ್ ಸಿಂಗರ್ ಇದ್ದಾರೆ, ಹಿಟ್ಲರನ ಕಾಲದ ನರಮೇಧವಿದೆ. ನಮ್ಮ ಕೊಂಕಣದ ಎಣ್ಣೆಗಾಣವೂ ಇದೆ!

ಗಾಣದ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲಿಬಾಗದ ಹತ್ತಿರ ನವಗಾವ್ ಎಂಬಲ್ಲಿ ಬಹಳ ಹಿಂದೆ ಒಂದು ಹಡಗು ಒಡೆಯಿತಂತೆ. ಏಳು ಗಂಡಸರು, ಏಳು ಹೆಂಗಸರು ಈಸಿ ದಡ ಸೇರಿದರಂತೆ. ತಾವು ಅವರ ಸಂತತಿ ಎನ್ನುವವರೇ ಬೆನೆ ಇಸ್ರೇಲಿಗಳು. ಸುತ್ತಲಿನ ಹಳ್ಳಿಗಳಲ್ಲಿ ಎಣ್ಣೆ ತೆಗೆಯುವ ಕಸುಬು ಹಿಡಿದರು, ಮರಾಠಿ ಆಡಿದರು, ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡರು. ಪೇಣದವರು ಪೇಣಕರ್, ರೋಹೆಯವರು ರೋಹೇಕರ್. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ನೆರೆಯವರು ಇಟ್ಟ ಹೆಸರು ‘ಶನಿವಾರ ತೇಲಿ’, ಶನಿವಾರದ ಗಾಣಿಗರು. ಹೀಬ್ರೂ ಮರೆತುಹೋಯಿತು, ಗ್ರಂಥ ಉಳಿಯಲಿಲ್ಲ. ಉಳಿದದ್ದು ಶನಿವಾರದ ಬಿಡುವು, ಗಂಡು ಮಗುವಿಗೆ ಎಂಟನೆಯ ದಿನದ ಸುನ್ನತಿ, ಒಂದು ಸಣ್ಣ ಪ್ರಾರ್ಥನೆ, ಮೀನಿನ ಕಟ್ಟಳೆ. ಹೊರಗಿನಿಂದ ಬಂದ ಡೇವಿಡ್ ರಹಾಬಿ ಎಂಬ ಯಹೂದಿ ಇವರನ್ನು ಪರೀಕ್ಷಿಸಲೆಂದು ನಾನಾ ಬಗೆಯ ಮೀನು ತಂದುಕೊಟ್ಟನಂತೆ. ಹೆಂಗಸರು ರೆಕ್ಕೆ, ಹುರುಪೆ ಇಲ್ಲದ ಮೀನನ್ನು ಬೇರೆ ತೆಗೆದಿಟ್ಟರಂತೆ. ಇವರು ನಮ್ಮವರೇ ಎಂದು ಆತ ಗುರುತು ಹಿಡಿದನಂತೆ. ಇದು ಅವರು ಹೇಳಿಕೊಂಡು ಬಂದ ಕತೆ.

ಈ ಕತೆ ಕೇಳಿದ ಮೇಲೆ ನನ್ನ ಮನಸ್ಸು ಒಂದು ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಊರು ಬಿಟ್ಟವರ ಕೈಯಲ್ಲಿ ಕಡೆಗೆ ಉಳಿಯುವುದೇನು? ಹೊರನಾಡ ಕನ್ನಡಿಗರಾದ ನಾವು ಭಾಷೆ, ಭಾಷೆ ಎನ್ನುತ್ತೇವೆ. ಇವರಲ್ಲಿ ಮೊದಲು ಹೋದದ್ದೇ ಭಾಷೆ, ಉಳಿದದ್ದು ಅಡಿಗೆ ಮನೆಯ ಕಟ್ಟಳೆ. ಇಂದಿಗೂ ಅವರ ಮನೆಗಳಲ್ಲಿ ‘ಮಲೀದಾ’ ಎಂಬ ಹರಕೆ ಇದೆ. ಪ್ರವಾದಿ ಎಲಿಯಾಹುವನ್ನು ನೆನೆದು ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ ಬೆರೆಸಿ, ಹಣ್ಣುಗಳ ಜೊತೆ ಇಡುತ್ತಾರೆ. ಪ್ರವಾದಿ ಬೈಬಲ್ಲಿನವನು, ಅವಲಕ್ಕಿ ಕೊಂಕಣದ್ದು.

ಆದರೆ ಭಾಷೆಯ ಕತೆ ಅಲ್ಲಿಗೇ ಮುಗಿಯುವುದಿಲ್ಲ. 1832ರಲ್ಲಿ ಜಾನ್ ವಿಲ್ಸನ್ ಎಂಬ ಸ್ಕಾಟಿಷ್ ಮಿಷನರಿ ಇವರಿಗಾಗಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದ. ಅವನ ಉದ್ದೇಶ ಮತಾಂತರ, ಇವರು ಕಲಿತದ್ದು ತಮ್ಮದೇ ಧರ್ಮ. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಹೀಬ್ರೂ ಒಂದು ವಿಷಯವಾಯಿತು. ಜೋಸೆಫ್ ಎಝಕಿಯಲ್ ರಾಜಪುರಕರ್ ಎಂಬ ಬೆನೆ ಇಸ್ರೇಲಿ ಪಂಡಿತರು ಅದರ ಪರೀಕ್ಷಕರಾದರು, ಹೀಬ್ರೂವಿನ ಪ್ರಾರ್ಥನಾ ಗ್ರಂಥಗಳನ್ನು ಮರಾಠಿಗೆ ತಂದರು. 1874ರಲ್ಲಿ ನಮ್ಮ ಪುಣೆಯಲ್ಲೇ ‘ಹಗ್ಗದಾ’ ಅಚ್ಚಾಯಿತು. ಈಜಿಪ್ತಿನ ಗುಲಾಮಗಿರಿಯಿಂದ ಹೊರಬಂದ ಕತೆಯನ್ನು ಪಸ್ಸೋವರ್ ಹಬ್ಬದ ರಾತ್ರಿ ಮನೆಯವರೆಲ್ಲ ಕೂತು ಓದುವ ಪುಸ್ತಕ ಅದು. ಹುಡುಗಿ ಅದರ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಹುಳಿ ಹಾಕದ ಹಬ್ಬದ ರೊಟ್ಟಿಯನ್ನು ಮಾಡುತ್ತ ಕೂತ ಹೆಂಗಸರು, ಎಲ್ಲರೂ ಸೀರೆಯಲ್ಲಿ. ಒಂದು ಕಡೆ ಹೀಬ್ರೂ, ಜೊತೆಗೆ ಮರಾಠಿ. ನನ್ನ ಹೆಂಡತಿ ಇಣುಕಿ ನೋಡಿ, “ಇವರು ನಮ್ಮ ಪೈಕಿನ ಕಂಡಂಗ ಕಾಣ್ತಾರಲ್ರೀ!” ಎಂದಳು.

‘ಹೆಣ್ಣುಮಗಳಿಗೆ ಯಾಕೆ’ ಎಂಬ ಮಾತೂ ನಮ್ಮ ಮನೆಯಲ್ಲಿ ಬಂತು. ಅದಕ್ಕೆ ಆಕೆಯ ಬಳಿ ಸಿದ್ಧ ಉತ್ತರವಿತ್ತು, ರೆಬೆಕಾ ರೂಬೆನ್. ಪುಣೆಯ ಹುಜೂರಪಾಗಾ ಶಾಲೆಯಲ್ಲಿ ಓದಿದ ಬೆನೆ ಇಸ್ರೇಲಿ ಹುಡುಗಿ, 1905ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಗೇ ಮೊದಲಿಗಳು. ಆಮೇಲೆ ಇಂಗ್ಲೆಂಡಿನಲ್ಲಿ ಓದಿ ಬಂದು ಮುಂಬಯಿಯ ಎಲಿ ಕದೂರಿ ಶಾಲೆಯನ್ನು ದಶಕಗಳ ಕಾಲ ನಡೆಸಿದಾಕೆ. ನೂರಿಪ್ಪತ್ತು ವರ್ಷದ ಹಿಂದಿನ ಈ ಮಾತಿಗೆ ತಮ್ಮ ಏನೂ ಹೇಳಲಿಲ್ಲ.

ನನ್ನನ್ನು ನಿಜವಾಗಿ ಗೆದ್ದದ್ದು ಮಾತ್ರ ಮಂಗಳೂರು. ಕೈರೋದ ಹಳೆಯ ಯಹೂದಿ ಮಂದಿರದಲ್ಲಿ ಒಂದು ಕೋಣೆ ಇತ್ತು, ಗೆನಿಜಾ ಎಂದು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಎಸೆಯಬಾರದೆಂದು ಹಳೆಯ ಕಾಗದವನ್ನೆಲ್ಲ ಅಲ್ಲಿ ತುಂಬುತ್ತಿದ್ದರು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜಿಗೆ ಸಾಗಿಸಿದರು. ಲಕ್ಷಕ್ಕೂ ಮಿಕ್ಕಿದ ಆ ತುಣುಕುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಪತ್ರಗಳು ಸಿಕ್ಕವು. ಟ್ಯುನೀಸಿಯದಿಂದ ಏಡನ್ನಿಗೆ, ಅಲ್ಲಿಂದ ಮಂಗಳೂರಿಗೆ ಬಂದವನು. 1132ರಿಂದ 1149ರವರೆಗೆ, ಅಂದರೆ ಬಸವಣ್ಣನವರು ಬಾಳಿದ ಶತಮಾನದಲ್ಲಿ, ಅವನ ಬದುಕು ಹೆಚ್ಚಾಗಿ ಮಲಬಾರ ತೀರದಲ್ಲಿ, ಬಹುತೇಕ ಮಂಗಳೂರಿನಲ್ಲಿ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟಿದ್ದ. ಆಶು ಎಂಬ ದಾಸಿಗೆ 1132ರಲ್ಲಿ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳನ್ನೇ ಮದುವೆಯಾದನೆಂದು ವಿದ್ವಾಂಸರು ಹೇಳುತ್ತಾರೆ. ಅವನ ಕೈಯಾಳಿನ ಹೆಸರು ‘ಬೊಮ್ಮ’ ಇರಬೇಕೆಂದು ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಬರೆದರು. ಅದಕ್ಕೆ ಮಂಗಳೂರಿನಲ್ಲಿ ನೆರವಾದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ.

ಆ ಪತ್ರಗಳಲ್ಲಿ ಬ್ಯಾಂಕಿನವನಿಗೆ ಇಷ್ಟವಾಗುವ ಒಂದು ಪ್ರಕರಣವಿದೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ತೆಗೆದುಕೊಂಡ ಸ್ಥಳೀಯ ‘ಕಾರ್ದಾರ’ನೊಬ್ಬ ಮಾಲೂ ಕೊಡಲಿಲ್ಲ, ಹಣವೂ ಕೊಡಲಿಲ್ಲ. ಏಡನ್ನಿನ ಪಾಲುದಾರರು ಪತ್ರದ ಮೇಲೆ ಪತ್ರ ಬರೆದು, ಮರ್ಯಾದೆ ತೆಗೆಯುವುದಾಗಿ ಅವನನ್ನು ಹೆದರಿಸು ಎನ್ನುತ್ತಾರೆ. ಒಂಬೈನೂರು ವರ್ಷದ ಹಿಂದಿನ ವಸೂಲಾಗದ ಸಾಲ! ಓದಿ ನಾನು ನಕ್ಕೆ. ನಕ್ಕ ಮೇಲೆ ಯೋಚನೆಗೂ ಬಿದ್ದೆ. ಆಗಿನ ಮಂಗಳೂರಿನ ದಿನಗೆಲಸದ ಲೆಕ್ಕ ನಮ್ಮ ಶಾಸನಗಳಲ್ಲಿ ಹೀಗೆ ಸಿಗುವುದಿಲ್ಲ. ಅದು ಇರುವುದು ಹೀಬ್ರೂ ಅಕ್ಷರದಲ್ಲಿ ಬರೆದ ಅರಬ್ಬಿಯಲ್ಲಿ. ನಮ್ಮ ಮಕ್ಕಳು ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರಲ್ಲ, ಹಾಗೆಯೇ. ಅದನ್ನು ಕಲಿತವರು ಓದಿದ್ದರಿಂದ ನಮ್ಮ ಊರಿನ ಸುದ್ದಿ ನಮಗೆ ತಿಳಿಯಿತು. ಪರರ ಓದು ಎಂದು ತಮ್ಮ ದೂರುತ್ತಿದ್ದ ವಿಷಯದ ಒಡಲಲ್ಲಿ ನಮ್ಮ ಮನೆಯ ಜಮಾಖರ್ಚೂ ಇದೆ. ಅವನಿಗೆ ನಾನು ಹೇಳಿದ್ದು ಇಷ್ಟೇ.

ಇನ್ನೊಂದು ಸಂಗತಿ ಇಂದಿಗೂ ನನ್ನನ್ನು ಕಾಡುತ್ತದೆ. 1951ರ ಜನಗಣತಿಯಲ್ಲಿ ಭಾರತದಲ್ಲಿ ಇಪ್ಪತ್ತಾರು ಸಾವಿರದಷ್ಟು ಯಹೂದಿಗಳಿದ್ದರು. ಈಗ ಇರುವವರು ಕೆಲವೇ ಸಾವಿರ. 2016ರಲ್ಲಿ ಮಹಾರಾಷ್ಟ್ರ ಸರಕಾರ ಅವರಿಗೆ ಅಲ್ಪಸಂಖ್ಯಾತರೆಂಬ ಮಾನ್ಯತೆ ಕೊಟ್ಟಿತು. ಉಳಿದವರ ಪೈಕಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಎಷ್ಟೋ ಪೀಳಿಗೆ ಪ್ರಾರ್ಥನೆಯಲ್ಲಿ ನೆನೆದ ಊರು. ಹೋದರೆ ಅಲ್ಲಿನ ಧರ್ಮಗುರುಗಳು, ನೀವು ಪೂರಾ ಯಹೂದಿಗಳು ಹೌದೋ ಅಲ್ಲವೋ, ಮದುವೆಗೆ ಮುಂಚೆ ವಂಶ ವಿಚಾರಿಸಬೇಕು ಎಂದರು. ಇವರು ಧರಣಿ ಕೂತರು. 1964ರಲ್ಲಿ ಸರಕಾರ ಇವರ ಪರ ಮಾತಾಡಿದ ಮೇಲೆ ತಣ್ಣಗಾಯಿತು. ಅದಾದ ಮೇಲೆ, 1980ರ ದಶಕದಲ್ಲಿ, ಅಲ್ಲಿಂದ ಅವರೊಂದು ಪತ್ರಿಕೆ ತೆಗೆದರು. ಹೆಸರು ‘ಮಾಯಬೋಲಿ’, ತಾಯ್ನುಡಿ. ಭಾಷೆ ಮರಾಠಿ. ಕೊಂಕಣದಲ್ಲಿದ್ದಾಗ ಜೆರುಸಲೇಮು ಊರು, ಜೆರುಸಲೇಮಿನ ಸೀಮೆ ಸೇರಿದ ಮೇಲೆ ಕೊಂಕಣ ಊರು. ಗದಗಿಗೆ ಹೋದಾಗ ನನ್ನನ್ನು ‘ಪುಣೇದಾವ್ರು’ ಎನ್ನುತ್ತಾರೆ, ಪುಣೆಯಲ್ಲಿ ‘ಕಾನಡಿ’. ಈ ಕತೆ ನನಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಪ್ರವೇಶದ ಅರ್ಜಿ ತುಂಬುವಾಗ ‘ಬಲ್ಲ ಭಾಷೆಗಳು’ ಎಂಬ ಕಲಮು ಬಂತು. ಇಂಗ್ಲಿಷ್, ಮರಾಠಿ, ಹಿಂದಿ ಬರೆದಳು. ಹೀಬ್ರೂ: ಆರಂಭದ ಮಟ್ಟ. ಕನ್ನಡ: ಮಾತು ಬರುತ್ತದೆ, ಓದು ಬಾರದು. ಬರೆದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ, “ದೊಡ್ಡಪ್ಪ, ಮಂಗಳೂರಿನ ಪತ್ರದ ಮ್ಯಾಲೆ ಕೆಲಸ ಮಾಡಬೇಕಂದ್ರ ಇದು ನಡಿಯೂದಿಲ್ಲ. ಕಲಸ್ತಿಯೇನು?” ಎಂದಳು. ಈಗ ವಾರಕ್ಕೆರಡು ಸಂಜೆ ನಮ್ಮ ಮನೆಯಲ್ಲಿ ಪಾಠ. ಹೀಬ್ರೂ ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಒತ್ತಕ್ಷರದಲ್ಲಿ ಇನ್ನೂ ತೊಡಕುತ್ತಾಳೆ.

ತಮ್ಮ ಪೂರ್ತಿ ಒಪ್ಪಿದ್ದಾನೆಂದು ಹೇಳಲಾರೆ. ಆದರೂ ಕಳೆದ ವಾರ ಫ್ಲಾಟಿನ ಕಾಗದಪತ್ರ ಹಿಡಿದು ಬಂದ. ಸಾಲದ ಅರ್ಜಿ ನನ್ನ ಮುಂದೆ ಹರವಿ, “ಕೋರ್ಸಿನ ಹೆಸರು ಏನಂತ ಹಾಕ್ಲಿ? ಬರೇ ಹಿಸ್ಟ್ರಿ ಅಂತ ಬರದ್ರ ಆಗೂದಿಲ್ಲೇನು, ಮ್ಯಾನೇಜರ್ ಕೇಳಿದ್ರ ಏನ್ ಹೇಳೂದು?” ಎಂದ. ಇದ್ದದ್ದನ್ನ ಇದ್ದಂಗ ಬರಿ, ಯಹೂದಿ ಅಧ್ಯಯನ ಅಂತ ಬರಿ ಎಂದೆ. ಕೇಳಿದರೆ ಹೇಳಲು ನಾನೂ ಜೊತೆಗೆ ಹೋಗುವವನಿದ್ದೇನೆ.