ತೀರ್ಥನ್ ಹೊಳೆಯಲ್ಲಿ ಖಣದ ಎಳೆ

ರೇಷ್ಮೆಯ ಹಾಸು, ಹತ್ತಿಯ ಹೊಕ್ಕು ಸೇರಿಸಿ ಒಂದು ಖಣದಲ್ಲೇ ತೇರು, ಆನೆಹೆಜ್ಜೆ ಎಲ್ಲ ಮೂಡಿಸುವ ಊರು ನಮ್ಮ ಗುಳೇದಗುಡ್ಡ. ಸಣ್ಣ ಎಳೆಯ ಕೆಲಸ ಕಣ್ಣಿಗೆ ಹೊಸದಲ್ಲ. ಆದರೂ ಹಿಮಾಚಲದ ತೀರ್ಥನ್ ನದಿಯ ದಂಡೆಯಲ್ಲಿ, ಉಗುರಿಗಿಂತ ಚಿಕ್ಕ ಗಾಳದ ಕೊಕ್ಕೆಯ ಮೇಲೆ ಹುಳುವೊಂದು ರೂಪುಗೊಳ್ಳುವುದನ್ನು ನೋಡಿ ಬೆರಗಾಗಿ ಕುಳಿತೆ.

ಜೊತೆಗಿದ್ದ ಹಿರಿಯ ಗೈಡ್ ಮೊದಲು ನೀರಿಗಿಳಿದು ಕಲ್ಲೊಂದನ್ನು ಮಗುಚಿ ತೋರಿಸಿದರು. ಅದರ ತಳದಲ್ಲಿ ಆರು ಕಾಲು, ಮೂರು ಕೂದಲೆಳೆ ಬಾಲದ ಕಂದು ಜೀವಗಳು ಸರಿದಾಡುತ್ತಿದ್ದವು. ಇವೇ ನಿಂಫ್, ರೆಕ್ಕೆ ಬರುವ ಮುನ್ನ ನೀರಿನಡಿ ಬಾಳುವ ಕೀಟಗಳ ಮರಿ. ಟ್ರೌಟ್ ಮೀನಿನ ಹೆಚ್ಚಿನ ಊಟವೆಲ್ಲ ಆ ತಳದಲ್ಲೇ. ಹಾಗಾಗಿ ಗಾಳಕ್ಕೆ ಕಟ್ಟುವ ಹುಸಿ ಹುಳುವೂ ಸೆಳವನ್ನು ಸೀಳಿ ಕೆಳಗಿಳಿಯಬೇಕು, ಅದಕ್ಕೆ ತೂಕ ಬೇಕು.

ಅವರು ಕೊಕ್ಕೆಗೆ ಟಂಗ್‌ಸ್ಟನ್ ಮಣಿ ಪೋಣಿಸಿದರು; ಅದು ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಫೆಸೆಂಟ್ ಹಕ್ಕಿಯ ಪುಕ್ಕದೆಳೆಯ ತುದಿ ಬಾಲವಾಯಿತು, ಉಳಿದದ್ದನ್ನು ಸುತ್ತಿದಾಗ ಮೈ ಆಯಿತು. ಮೇಲೆ ಎದುರುಸುತ್ತಿನಲ್ಲಿ ತಾಮ್ರದ ತಂತಿ, ಎದೆಗೆ ನವಿಲುಗರಿ. ಇಂಗ್ಲೆಂಡಿನ ಏವನ್ ನದಿಯ ಪಾಲಕ ಫ್ರಾಂಕ್ ಸಾಯರ್ ದಾರವನ್ನೇ ಬಿಟ್ಟು ಬರೀ ತಾಮ್ರದ ತಂತಿಯಿಂದ ಇದನ್ನು ಕಟ್ಟುತ್ತಿದ್ದರು. ಕಟ್ಟೂ ಅದೇ, ತೂಕವೂ ಅದೇ! ನಮ್ಮ ನೇಕಾರರು ತಲೆದೂಗುವ ಜಾಣ್ಮೆ ಇದು. ಮಣಿಯ ಹಿಂದೆ ಮಾತ್ರ ನಾನು ಒಯ್ದಿದ್ದ ಖಣದ ಕೆಂಪು ರೇಷ್ಮೆ ಎಳೆಯನ್ನು ಸುತ್ತಿಸಿದೆ.

ಮಂಜಿನಷ್ಟು ತಣ್ಣನೆಯ ನೀರು ಮೊಣಕಾಲಿಗೆ ಬರುತ್ತಿತ್ತು. ಬಂಡೆಯ ಬದಿಗೆ, ಸೆಳವೂ ನಿಂತ ನೀರೂ ಕೂಡುವ ಗೆರೆಯ ಮೇಲ್ಗಡೆ ಎಸೆದೆ. “ನೀರಿಗಿಂತ ಮುಂದೆ ಎಳೀಬೇಡಿ, ಹಿಂದೆ ತಡೀಬೇಡಿ” ಎಂದರು ಹಿರಿಯರು ಹಿಂದಿಯಲ್ಲಿ. ತೇಲುತ್ತಿದ್ದ ದಾರ ಕ್ಷಣ ನಿಂತಿತು. ಕೋಲೆತ್ತಿದೆ. ಬ್ರೌನ್ ಟ್ರೌಟ್! ಬಂಗಾರದ ಹೊಟ್ಟೆ, ಪಕ್ಕೆಯ ಮೇಲೆ ಬಿಳಿ ಅಂಚಿನ ಕೆಂಪು ಚುಕ್ಕೆಗಳು. ಬ್ರಿಟಿಷರು 1909ರಲ್ಲಿ ಕುಲ್ಲು ಸೀಮೆಗೆ ತಂದ ಪರದೇಶಿ ಮೀನು ಈ ಹೊಳೆಯಲ್ಲಿ ಎಷ್ಟು ಚೆಂದ ನೆಲೆಸಿದೆ! ನೀರಿನೊಳಗೇ ಕೊಕ್ಕೆ ಬಿಡಿಸಿ ಬಿಟ್ಟೆವು.

ಹೋಗುವ ಮನಸ್ಸಿದ್ದವರು ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದೇ ಹೊಳೆಗಿಳಿಯಿರಿ. ನವೆಂಬರಿನಿಂದ ಫೆಬ್ರುವರಿವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಹಿಡಿಯುವಂತಿಲ್ಲ. ಕೊಕ್ಕೆಯ ಮುಳ್ಳನ್ನು ಮೊದಲೇ ಒತ್ತಿಬಿಡಿ, ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಿ. ಒಣಗೈಗೆ ಅದರ ಮೈಮೇಲಿನ ಲೋಳೆ ಅಂಟಿ ಬರುತ್ತದೆ; ಮೀನನ್ನು ರೋಗದಿಂದ ಕಾಯುವುದು ಆ ಲೋಳೆಯೇ.